ಕಪನೂರ ಕಡೆಯ ಡೀಸೆಲ್ ಗ್ಯಾರೇಜ್: ಕೆಲಸ ಚೊಕ್ಕ, ಆದರೆ ಕಾಯಬೇಕು

ಕಲಬುರಗಿಯಲ್ಲಿ ಡೀಸೆಲ್ ಗಾಡಿಗೆ ಒಳ್ಳೆ ಮಿಸ್ತ್ರಿ ಯಾರು ಅಂತ ಕೇಳಿದವರಿಗೆಲ್ಲ ಈಗ ನಾನು ಹುಮನಾಬಾದ್ ರಸ್ತೆಯಲ್ಲಿ ಕಪನೂರ ಇಂಡಸ್ಟ್ರಿಯಲ್ ಏರಿಯಾ ಹತ್ತಿರದ ಈ ಗ್ಯಾರೇಜ್ ತೋರಿಸುತ್ತೇನೆ. ಬೋರ್ಡ್ ಗೀರ್ಡ್ ಏನೂ ಇಲ್ಲ. ತೊಗರಿ ಲೋಡ್ ಹೊಡೆಯುವ ಪಿಕಪ್‌ಗಳು, ಕಲ್ಲು ಸಾಗಿಸುವ ಟಿಪ್ಪರ್‌ಗಳು ಸಾಲಾಗಿ ನಿಂತಿದ್ದರೆ ಅದೇ ಅಂತ ತಿಳಿಯಿರಿ. ನಡೆಸುವವರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಾರೆ. ನಮ್ಮದು ಬಿಎಸ್ 4, ಅಂದರೆ ಹಳೆ ಹೊಗೆ ನಿಯಮದ ಬೊಲೆರೋ, ಅದರ ಸರ್ವಿಸ್ ಎಲ್ಲ ಈಗ ಇಲ್ಲೇ.

ಇಲ್ಲಿ ನನಗೆ ಮೊದಲು ಹಿಡಿಸಿದ್ದು, ಇವರು ಬಾನೆಟ್ ಎತ್ತಿದ ಕೂಡಲೇ ಆಯಿಲ್ ಡಬ್ಬಿ ಕಡೆ ಕೈ ಹಾಕುವುದಿಲ್ಲ. ಏರ್ ಫಿಲ್ಟರ್ ಬಿಚ್ಚುತ್ತಾರೆ. ನಮ್ಮ ಕಡೆ ಅದೇ ಸರಿ. ಸೇಡಂ, ಮಳಖೇಡ, ಚಿತ್ತಾಪುರದ ಕಡೆ ಓಡಾಡುವವರಿಗೆ ಸಿಮೆಂಟ್ ಮತ್ತು ಸುಣ್ಣದ ಕಲ್ಲಿನ ಧೂಳು ಎಷ್ಟಿರುತ್ತದೆ ಅಂತ ಹೇಳಬೇಕಾಗಿಲ್ಲ, ಬೇಸಿಗೆಯಲ್ಲಿ ಅದರ ಜೊತೆ ಹೊಲದ ಕರಿಮಣ್ಣೂ ಏಳುತ್ತದೆ. ಆ ಧೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊದ ರೆಕ್ಕೆ, ಪಿಸ್ಟನ್ ರಿಂಗ್, ಲೈನರ್ ಎಲ್ಲ ಸವೆಯುತ್ತವೆ. ಕಂಪನಿ ಪುಸ್ತಕದಲ್ಲೂ ಧೂಳಿನ ಜಾಗದಲ್ಲಿ ಬೇಗ ಬದಲಿಸಿ ಅಂತ ಬರೆದಿರುತ್ತಾರೆ, ಯಾರೂ ಓದುವುದಿಲ್ಲ ಅಷ್ಟೇ. ಹಿಂದೆ ನಾನು ಹೋಗುತ್ತಿದ್ದ ಒಂದು ಕಡೆ ಜೋರಾಗಿ ಗಾಳಿ ಹೊಡೆದು ಅದೇ ಫಿಲ್ಟರ್ ಕೂಡಿಸುತ್ತಿದ್ದರು. ಉಸ್ತಾದ್ ಅದಕ್ಕೆ ಒಪ್ಪುವುದೇ ಇಲ್ಲ. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ ಅನ್ನುತ್ತಾರೆ. ಫಿಲ್ಟರ್ ಆದಮೇಲೆ ಬರುವ ರಬ್ಬರ್ ಪೈಪ್ ಒಳಗೂ ಬೆರಳಾಡಿಸಿ ನೋಡುತ್ತಾರೆ. ಬೆರಳಿಗೆ ಧೂಳು ಹತ್ತಿದರೆ ಎಲ್ಲೋ ಕ್ಲಿಪ್ ಸಡಿಲ ಅಂತ ಅರ್ಥ, ಆಗ ಹೊಸ ಫಿಲ್ಟರ್ ಹಾಕಿದರೂ ದಂಡ.

ಎರಡನೇದು ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ. ನಮ್ಮ ಬೋರ್‌ವೆಲ್ ನೀರಿಗೆ ಬಕೆಟ್ ಕೂಡ ಬೆಳ್ಳಗಾಗುತ್ತದೆ, ಅದನ್ನೇ ರೇಡಿಯೇಟರ್‌ಗೆ ಸುರಿಯುವವರು ಇನ್ನೂ ಇದ್ದಾರೆ! ಒಳಗೆ ಸುಣ್ಣ ಕಟ್ಟಿ, 42 ಡಿಗ್ರಿ ಬಿಸಿಲಲ್ಲಿ ಲೋಡ್ ಹಾಕಿದಾಗ ಗಾಡಿ ಕಾದು, ಹೆಡ್ ಗ್ಯಾಸ್ಕೆಟ್ ಹೋಗಿ, ಆಮೇಲೆ ಇಂಜಿನ್ ಸರಿ ಇಲ್ಲ ಅಂತ ಕಂಪನಿಗೆ ಬೈಯುವುದು. ಇಲ್ಲಿ ಸರಿಯಾದ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಬಿಟ್ಟು ಬೇರೆ ಏನೂ ಹಾಕುವುದಿಲ್ಲ.

ಗಾಡಿ ಓಡಿಸುವ ಬಗ್ಗೆಯೂ ಹೇಳುತ್ತಾರೆ, ಬೇಕೋ ಬೇಡವೋ ಕೇಳುವುದಿಲ್ಲ. ಬೀದರ್‌ನಿಂದ ಹೈವೇ ಮೇಲೆ ಒಂದೇ ಸಮನೆ ಹೊಡೆದುಕೊಂಡು ಬಂದು ಗಾಡಿ ನಿಲ್ಲಿಸಿದ ತಕ್ಷಣ ಕೀ ತಿರುಗಿಸಿ ಇಳಿದರೆ ಅವರ ಮುಖ ನೋಡಬೇಕು. "ಲಗೂನೆ ಬಂದ್ ಮಾಡಬ್ಯಾಡ್ರಿ ಸರ, ಒಂದ್ ನಿಮಿಷ ಹಂಗೇ ಬಿಡ್ರಿ." ಕಾರಣ ಇದೆ. ಜೋರಾಗಿ ಓಡುವಾಗ ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಅದರ ಬೇರಿಂಗ್‌ಗೆ ಆಯಿಲ್ಲೇ ಆಧಾರ. ಇಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಲ್ಲುತ್ತದೆ, ಕೆಂಪಗೆ ಕಾದ ಜಾಗದಲ್ಲಿ ಉಳಿದಿದ್ದು ಸುಟ್ಟು ಕರಕಲಾಗುತ್ತದೆ. ಊರೊಳಗೆ ನಿಧಾನ ಬಂದಿದ್ದರೆ ಕಾಯುವ ಅಗತ್ಯ ಇಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಡುವುದೂ ಬೇಡವಂತೆ. ಅರ್ಧ ನಿಮಿಷ ಸಾಕು, ಆಮೇಲೆ ಇಂಜಿನ್ ಬಿಸಿಯಾಗುವ ತನಕ ಮೆಲ್ಲಗೆ ಹೋಗಿ ಅಂತಾರೆ. ಲೋಡ್ ಇದ್ದಾಗ ಟಾಪ್ ಗೇರಲ್ಲೇ ಗುರ್ ಅನ್ನಿಸುತ್ತ ಎಳೆಯಬೇಡಿ, ಗೇರ್ ಇಳಿಸಿ, ಇದು ಪಿಕಪ್ ಹುಡುಗರಿಗೆ ದಿನಾ ಬೀಳುವ ಬೈಗುಳ.

ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ನೀರು ತೆಗೆದು ತೋರಿಸುತ್ತಾರೆ. ಡೀಸೆಲನ್ನು ಭಾರಿ ಒತ್ತಡದಲ್ಲಿ ಇಂಜಿನ್ ಒಳಗೆ ಸಿಂಪಡಿಸುವ ಕಾಮನ್ ರೈಲ್ ಇಂಜೆಕ್ಟರ್‌ಗೆ ಆ ನೀರೇ ಶತ್ರು. ರಿಸರ್ವ್‌ನಲ್ಲೇ ಓಡಿಸುವ ಚಟಕ್ಕೂ ಮಂಗಳಾರತಿ ಆಗುತ್ತದೆ, ಯಾಕೆಂದರೆ ಹೈ ಪ್ರೆಶರ್ ಪಂಪಿಗೆ ಸವೆಯದಂತೆ ಕಾಯುವ ಎಣ್ಣೆಯೂ ಡೀಸೆಲ್ಲೇ, ಟ್ಯಾಂಕ್ ಒಣಗಿದರೆ ಪಂಪ್ ಒಣಗಿದಂತೆ.

ಆಯಿಲ್ ಕಪ್ಪಾಗಿದೆ ಅಂತ ಗಾಬರಿಯಾಗಿ ಹೋದರೆ ದುಡ್ಡು ಕೀಳುವ ಜಾಗಗಳು ಬೇಕಾದಷ್ಟಿವೆ. ಡೀಸೆಲ್‌ನಲ್ಲಿ ಮಸಿ ಸೇರಿ ಆಯಿಲ್ ಬೇಗ ಕಪ್ಪಾಗುವುದು ಸಹಜ. ಉಸ್ತಾದ್ ಪುಸ್ತಕದಲ್ಲಿರುವ ಗ್ರೇಡ್, ಪುಸ್ತಕದಲ್ಲಿರುವ ಕಿಲೋಮೀಟರ್ ಅಷ್ಟೇ ನೋಡುತ್ತಾರೆ. ಇಂಜಿನ್ ಫ್ಲಶ್, ಬಾಟಲಿ ಔಷಧಿ ಏನೂ ಮಾರುವುದಿಲ್ಲ. ನನ್ನ ಪ್ರಕಾರ ಇಲ್ಲಿಗೆ ಹೋಗಲು ಇದೊಂದೇ ಕಾರಣ ಸಾಕು.

ಇನ್ನು ತಕರಾರುಗಳು. ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿ ಇದ್ದವರು ಇಲ್ಲಿಂದ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಗಾಡಿಯ ಕಂಪ್ಯೂಟರ್ ದೋಷ ಓದುವ ಸ್ಕ್ಯಾನರ್ ಇಲ್ಲ. ನನ್ನ ಕಾಕಾನ ಮಗ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಬಂತು ಅಂತ ಕಾರು ತಂದಿದ್ದ. ಅವನ ಓಡಾಟ ಬರೀ ಸೂಪರ್ ಮಾರ್ಕೆಟ್, ಜೇವರ್ಗಿ ರೋಡ್, ಮನೆ. ಇಷ್ಟರಲ್ಲಿ ಆ ಫಿಲ್ಟರ್ ಮಸಿ ಸುಡುವಷ್ಟು ಬಿಸಿಯಾಗುವುದೇ ಇಲ್ಲ. ರಿಂಗ್ ರೋಡ್ ದಾಟಿ ಹೈವೇ ಮೇಲೆ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಹೋಗಿ ಬಾ, ಲೈಟ್ ಹೋಗದಿದ್ದರೆ ಸುಮ್ನೆ ಎಳೆದಾಡದೆ ಕಂಪನಿ ಸರ್ವಿಸ್‌ಗೆ ಹೋಗು ಅಂತ ಕಳಿಸಿದರು. ಲೈಟ್ ಹೋಯಿತು, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ ಸೆನ್ಸರ್ ಸಮಸ್ಯೆ ಇದ್ದರೆ ಇವರಿಂದ ಆಗದು.

ಪಕ್ಕಾ ಬಿಲ್ ಕೊಡುವುದಿಲ್ಲ, ಹಾಗಾಗಿ ವಾರಂಟಿ ಇರುವ ಗಾಡಿ ತರಲೇಬೇಡಿ. ಕೂರಲು ಒಂದು ಹಳೆ ಟೈರ್, ನೆರಳೂ ಅಷ್ಟಕ್ಕಷ್ಟೇ. ಸಂಜೆ ಕೊಡ್ತೀನಿ ಅಂದರೆ ಮರುದಿನ ಅಂತಲೇ ಹಿಡಿಯಿರಿ. ಶುಕ್ರವಾರ ಮಧ್ಯಾಹ್ನ ನಮಾಜ್‌ಗೆ ಬಂದ್. ತೊಗರಿ ಸುಗ್ಗಿಯಲ್ಲಂತೂ ಲೋಡ್ ಗಾಡಿಗಳಿಗೇ ಮೊದಲ ಪಾಳಿ, ನಮ್ಮಂಥವರು ಆಮೇಲೆ. ಸರ್ವಿಸ್ ಮಾಡಿಸುವುದಿದ್ದರೆ ಫಿಲ್ಟರ್ ಮತ್ತು ಆಯಿಲ್ ನೀವೇ ಒರಿಜಿನಲ್ ತಂದುಕೊಂಡು ಬೆಳಗ್ಗೆ ಬೇಗ ಹೋಗಿ.