ಸುಮೋ ರೋಬೋಟಿಗೆ ಯಾವ ಮೋಟಾರ್: 300, 1000, ಇಲ್ಲಾ ಗುಜರಿಯ ವೈಪರ್ ಮೋಟಾರ್?

ಮೋಟಾರ್ ತೆಗೆದುಕೊಳ್ಳುವಾಗ ನಮ್ಮ ಬದಿಯಡ್ಕದ ಹುಡುಗರು ಮೊದಲು ಕೇಳುವುದು ನಿಮಿಷಕ್ಕೆ ಎಷ್ಟು ಸುತ್ತು, ಅಂದರೆ ಆರ್‌ಪಿಎಂ. ನಾನು ಮೊದಲು ನೋಡುವುದು ಚಕ್ರ. ಸುಮೋ ಅಂದರೆ ಎರಡು ರೋಬೋಟ್ ಒಂದನ್ನೊಂದು ದುಂಡು ಕಣದಿಂದ ಹೊರಗೆ ತಳ್ಳುವ ಆಟ. ನಮ್ಮ ವರ್ಗದಲ್ಲಿ ರೋಬೋಟ್ 3 ಕೆಜಿ ದಾಟಬಾರದು. 7 ಸೆಂ.ಮೀ. ವ್ಯಾಸದ ರಬ್ಬರ್ ಚಕ್ರ, ಎರಡು ಮೋಟಾರ್ ಅಂದರೆ ಒಂದೊಂದಕ್ಕೆ ಸುಮಾರು 5 ಕೆಜಿ-ಸೆಂ.ಮೀ. ಟಾರ್ಕ್ (ತಿರುಗಿಸುವ ಬಲ) ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಚಕ್ರ ಸುಮ್ನೆ ಜಾರುತ್ತದೆ, ಅಷ್ಟೇ.

ಹಳದಿ ಬಿಓ ಮೋಟಾರನ್ನು (ಬ್ಯಾಟರಿಯಲ್ಲಿ ಓಡುವ ಸಣ್ಣ ಮೋಟಾರ್) ಲೆಕ್ಕಕ್ಕೇ ಹಿಡಿಯಬೇಡಿ. ಪ್ಲಾಸ್ಟಿಕ್ ಗಿಯರ್. ಕಪ್ಪು ಗೆರೆ ಹಿಡಿದು ಓಡುವ ರೋಬೋಟಿಗೆ ಚಂದ, ತಳ್ಳಾಟಕ್ಕಲ್ಲ.

ಗುಜರಿ ಅಂಗಡಿಯ, ಗಾಡಿಯ ಗಾಜು ಒರೆಸುವ ವೈಪರ್ ಮೋಟಾರಿಗೆ ಬಲದಲ್ಲಿ ಎದುರಿಲ್ಲ. ಒಳಗೆ ಸ್ಕ್ರೂವಿನಂಥ ವರ್ಮ್ ಗಿಯರ್, ಎದುರಾಳಿ ಎಷ್ಟು ತಳ್ಳಿದರೂ ಚಕ್ರ ಹಿಂದಕ್ಕೆ ತಿರುಗದು. ಆದರೆ ಎರಡು ಕೂರಿಸಿದರೆ ತೂಕದ ಬಹುಪಾಲು ಅಲ್ಲೇ ಮುಗಿಯಿತು. ಇನ್ನೊಂದು ತಲೆನೋವು: ಹಲವು ವೈಪರ್ ಮೋಟಾರುಗಳಲ್ಲಿ ನೆಗೆಟಿವ್ ಬಾಡಿಗೇ ಸೇರಿರುತ್ತದೆ. ಎರಡನ್ನೂ ಒಂದೇ ಕಬ್ಬಿಣದ ತಗಡಿಗೆ ಬೋಲ್ಟ್ ಮಾಡಿ, ಒಂದನ್ನು ಮುಂದೆ, ಒಂದನ್ನು ಹಿಂದೆ ತಿರುಗಿಸಿದರೆ ಶಾರ್ಟ್. ಮುಂದಿನ ವೇಗವೂ ಹಿಂದಿನ ವೇಗವೂ ಸಮ ಇರುವುದಿಲ್ಲ. ಎಡ-ಬಲಕ್ಕೆ ಎದುರುಬದುರು ಕೂರಿಸಿದರೆ ಒಂದು ಮುಂದೆ, ಒಂದು ಹಿಂದೆ ತಿರುಗಬೇಕು, ಹಾಗಾಗಿ ರೋಬೋಟ್ ಓರೆಯಾಗಿ ಹೋಗುತ್ತದೆ.

ನಿಜವಾದ ಪೈಪೋಟಿ 12 ವೋಲ್ಟಿನ, ಲೋಹದ ಗಿಯರಿನ ಜಾನ್ಸನ್ ಮೋಟಾರುಗಳದ್ದು. 300 ಆರ್‌ಪಿಎಂ ಆಗಲಿ 1000 ಆಗಲಿ, ಮೋಟಾರ್ ಅದೇ, ಗಿಯರ್ ಬೇರೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದಲ್ಲಿ ಎರಡನ್ನೂ ಓಡಿಸಿದೆವು. 1000 ನೋಡಲಿಕ್ಕೆ ಬಹಳ ಖುಷಿ, ಲೆಕ್ಕದಲ್ಲಿ ಸೆಕೆಂಡಿಗೆ ಮೂರೂವರೆ ಮೀಟರ್. ಆದರೆ ಸುಮೋದ ಕಣದ ವ್ಯಾಸವೇ 154 ಸೆಂ.ಮೀ.! ಅಂಚಿನಲ್ಲಿ ಹಿಡಿದು ನಿಲ್ಲಿಸುವುದೇ ಕಷ್ಟ. ಕೆಂಪು ಕಲ್ಲಿನ ತುಂಡಿಗೆ ತಾಗಿಸಿ ತಳ್ಳಿಸಿದರೆ ಚಕ್ರ ನಿಂತು ಮೋಟಾರ್ ಗುಂಯ್ ಅನ್ನುತ್ತದೆ, ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡ್ ಮುಟ್ಟಲಾಗದಷ್ಟು ಬಿಸಿ. 300ರಲ್ಲಿ ಅದೇ ಕಲ್ಲಿನ ಎದುರು ಚಕ್ರ ಜಾರಿತು, ಮೋಟಾರ್ ನಿಲ್ಲಲಿಲ್ಲ. ನಮಗೆ ಬೇಕಾದದ್ದು ಅದೇ ಅಲ್ವಾ? ವೇಗ ಸೆಕೆಂಡಿಗೆ ಒಂದು ಮೀಟರ್ ಚಿಲ್ಲರೆ, ಧಾರಾಳ ಸಾಕು. ನನ್ನ ಓಟು 300ಕ್ಕೇ.

ಡ್ರೈವರ್ ಮಾತ್ರ ಎಲ್298ಎನ್ ಬೇಡ. ಒಂದು ಮೋಟಾರಿಗೆ ಎರಡೇ ಆಂಪಿಯರ್, ಅದರಲ್ಲೂ ಸುಮಾರು ಎರಡು ವೋಲ್ಟ್ ಅದೇ ನುಂಗುತ್ತದೆ. ಬಿಟಿಎಸ್7960 ಹಾಕಿ, ಮೋಟಾರಿಗೊಂದು ಬೋರ್ಡ್. ಜಾನ್ಸನ್ ಶಾಫ್ಟ್ 6 ಮಿ.ಮೀ. ಚಕ್ರದ ತೂತೂ ಅಷ್ಟೇ ಇದೆಯಾ ಅಂತ ಅಂಗಡಿಯಲ್ಲೇ ಸೇರಿಸಿ ನೋಡಿ. ಅದೊಂದಕ್ಕಾಗಿ ಮತ್ತೆ ಮಂಗಳೂರಿನ ಬಸ್ಸು ಹತ್ತುವುದು ಯಾರಿಗೆ ಬೇಕು?