ಆರ್ಗ್ಯಾನಿಕ್ ಕೋಳಿಯೋ, ನ್ಯಾಚುರಲ್ ಕೋಳಿಯೋ?

ಅಮೆರಿಕದ ಅಂಗಡಿಗಳಲ್ಲಿ ಈ ಎರಡೂ ಲೇಬಲ್‌ನ ಕೋಳಿಮಾಂಸ ಪಕ್ಕಪಕ್ಕದಲ್ಲೇ ಇರುತ್ತದೆ.

ಆರ್ಗ್ಯಾನಿಕ್ ಅಂದರೆ ಅದರ ಹಿಂದೆ 1990ರ ಕಾನೂನಿದೆ. ಮರಿಯ ಎರಡನೇ ದಿನದಿಂದ ಆರ್ಗ್ಯಾನಿಕ್ ಮೇವನ್ನೇ ಹಾಕಬೇಕು, ಆಂಟಿಬಯೋಟಿಕ್ ಕೊಡುವಂತಿಲ್ಲ. ಫಾರಂಗೆ ವರ್ಷಕ್ಕೊಮ್ಮೆ ತಪಾಸಣೆಯೂ ಉಂಟು. ಆದರೆ ಕೋಳಿಗೆ ಹೊರಗೆ ಓಡಾಡಲು ಎಷ್ಟು ಜಾಗ ಬೇಕು ಅನ್ನೋದೇ ದೊಡ್ಡ ರಾಜಕೀಯ. ಒಬಾಮಾ ಸರ್ಕಾರ ಹೋಗುವ ಮುಂಚೆ, 2017ರ ಜನವರಿಯಲ್ಲಿ, ಬಿಗಿ ನಿಯಮ ತಂದಿತು. ಟ್ರಂಪ್ ಸರ್ಕಾರ 2018ರಲ್ಲಿ ಅದನ್ನು ಕೈಬಿಟ್ಟಿತು. ಬೈಡನ್ ಕಾಲದಲ್ಲಿ, 2023ರಲ್ಲಿ, ಮತ್ತೆ ಹೊಸ ನಿಯಮ ಬಂತು. ಪಾಪ, ಕೋಳಿಗೆ ಇದೆಲ್ಲ ಗೊತ್ತಾ!

ನ್ಯಾಚುರಲ್ ಅಂದರೆ ಮಾಂಸಕ್ಕೆ ಕೃತಕ ಬಣ್ಣ, ಪದಾರ್ಥ ಸೇರಿಸಿಲ್ಲ, ಸಂಸ್ಕರಣೆ ಕಡಿಮೆ. ಅಷ್ಟೇ. ಕೋಳಿ ಹೇಗೆ ಬೆಳೆಯಿತು ಅಂತ ಅದು ಹೇಳುವುದಿಲ್ಲ.

ಮೇವು, ಔಷಧಿಯ ಚಿಂತೆ ಇದ್ದರೆ ಆರ್ಗ್ಯಾನಿಕ್ ತಗೊಳ್ಳಿ. ಇಲ್ಲವಾ, ಮಾಮೂಲಿ ಕೋಳಿಯೇ ಸಾಕು; ನ್ಯಾಚುರಲ್ ಅನ್ನೋ ಪದಕ್ಕೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.