ಗಂಡ-ಹೆಂಡತಿಗೆ ಮೂರು ರಿವಾರ್ಡ್ ಅಕೌಂಟ್: ಬ್ರಿಟನ್‌ನಲ್ಲಿ ಕೆಲವು ವರ್ಷ ನಡೆಸಿ ನೋಡಿದ ಮೇಲೆ

ನ್ಯಾಟ್‌ವೆಸ್ಟ್ ಬ್ಯಾಂಕಿನ ರಿವಾರ್ಡ್ ಅಕೌಂಟನ್ನು (ಬಿಲ್ಲು ಕಟ್ಟಿದರೆ ತಿಂಗಳು ತಿಂಗಳು ಸ್ವಲ್ಪ ದುಡ್ಡು ವಾಪಸ್ ಕೊಡುವ ಅಕೌಂಟ್) ನಾವು ಮೂರು ಇಟ್ಟುಕೊಂಡಿದ್ದೇವೆ. ನನ್ನ ಹೆಸರಲ್ಲಿ ಒಂದು, ನಮ್ಮನೆಯವರ ಹೆಸರಲ್ಲಿ ಒಂದು, ಇಬ್ಬರ ಹೆಸರಲ್ಲಿ ಜಾಯಿಂಟ್ ಆಗಿ ಒಂದು. ಕೆಲವು ವರ್ಷ ಹೀಗೇ ನಡೆಸಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ: ಸಂಬಳ ಬರುವ, ಬಿಲ್ಲುಗಳನ್ನು ಡೈರೆಕ್ಟ್ ಡೆಬಿಟ್‌ನಲ್ಲಿ (ಬಿಲ್ಲಿನ ದುಡ್ಡನ್ನು ಕಂಪನಿಯೇ ನಮ್ಮ ಅಕೌಂಟಿನಿಂದ ತೆಗೆದುಕೊಳ್ಳುವ ಏರ್ಪಾಡು) ಕಟ್ಟುವ ಗಂಡ-ಹೆಂಡತಿಗೆ ಇದು ಒಳ್ಳೆಯ ಏರ್ಪಾಡು. ಆದರೆ ಯಾವ ಬಿಲ್ಲನ್ನು ಯಾವ ಅಕೌಂಟಿಗೆ ಹಾಕಬೇಕು ಅನ್ನುವುದನ್ನು ರಿವಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಮನೆ ನೋಡಿ ಮಾಡಿ.

ಮೊದಲು ಲೆಕ್ಕ. ಒಂದೊಂದು ಅಕೌಂಟಿಗೂ ತಿಂಗಳಿಗೆ 2 ಪೌಂಡ್ ಶುಲ್ಕ. ತಿಂಗಳಲ್ಲಿ ಕನಿಷ್ಠ 1,250 ಪೌಂಡ್ ಅಕೌಂಟಿಗೆ ಬರಬೇಕು. ತಲಾ ಕನಿಷ್ಠ 2 ಪೌಂಡಿನ ಎರಡು ಡೈರೆಕ್ಟ್ ಡೆಬಿಟ್ ಹೋದರೆ 4 ಪೌಂಡ್ ರಿವಾರ್ಡ್. ಮೊಬೈಲ್ ಆ್ಯಪ್‌ಗೆ ಒಮ್ಮೆ ಲಾಗಿನ್ ಆದರೆ ಇನ್ನೊಂದು ಪೌಂಡ್. ಶುಲ್ಕ ಕಳೆದು ಕೈಗೆ ಸಿಗುವುದು 3 ಪೌಂಡ್. ಮೂರು ಅಕೌಂಟಿಗೆ ತಿಂಗಳಿಗೆ 9, ವರ್ಷಕ್ಕೆ 108 ಪೌಂಡ್. ನಾವು ತೆರೆದಾಗ ಇದ್ದ ನಿಯಮ ಇದು: ಒಬ್ಬರಿಗೆ ಸ್ವಂತ ಹೆಸರಲ್ಲಿ ಒಂದು, ಜಾಯಿಂಟ್ ಆಗಿ ಒಂದು.

ಅದೇ ಗುಂಪಿನ ಆರ್‌ಬಿಎಸ್ ಬ್ಯಾಂಕಿನಲ್ಲೂ ಇಂಥದೇ ಅಕೌಂಟ್ ಇದೆ. ಅಲ್ಲೂ ಮೂರು ತೆರೆದು ಆರು ಮಾಡಿಕೊಂಡವರಿದ್ದಾರೆ, ಅವರಿಗೆ ವರ್ಷಕ್ಕೆ 216 ಪೌಂಡ್ ಬರುತ್ತದೆ. ನಾವು ಮೂರಕ್ಕೇ ನಿಂತೆವು. ಆರು ಅಕೌಂಟಿಗೆ ಹನ್ನೆರಡು ಡೈರೆಕ್ಟ್ ಡೆಬಿಟ್ ಬೇಕು. ಒಂದು ಸಾಧಾರಣ ಮನೆಯಲ್ಲಿ ಅಷ್ಟು ನಿಜವಾದ ಬಿಲ್ಲು ಇರುವುದಿಲ್ಲ. ಸಂಖ್ಯೆ ತುಂಬಿಸಲು ಬೇಡದ ಚಂದಾ ಮಾಡಿಸಿಕೊಂಡರೆ ಬಂದ ರಿವಾರ್ಡ್ ಅಲ್ಲೇ ಹೋಗುತ್ತದೆ, ಅಲ್ವಾ?

ಈ ಅಕೌಂಟ್ 2015ರಲ್ಲಿ ಬಂದಾಗ ಇದರ ರೂಪವೇ ಬೇರೆ ಇತ್ತು. ಮನೆ ಬಿಲ್ಲುಗಳ ಮೇಲೆ ಇಂತಿಷ್ಟು ಶೇಕಡಾ ಅಂತ ವಾಪಸ್ ಕೊಡುತ್ತಿದ್ದರು. 2020ರಲ್ಲಿ ಅದನ್ನು ತೆಗೆದು ಈಗಿನ 4 ಮತ್ತು 1 ಪೌಂಡಿನ ಪದ್ಧತಿ ತಂದರು. ದೊಡ್ಡ ಬಿಲ್ಲು ಕಟ್ಟುವವರಿಗೆ ಇದರಿಂದ ಕಡಿಮೆಯಾಯಿತು. ಆದರೆ ಬಿಲ್ಲನ್ನು ಮೂರು ಕಡೆ ಹಂಚಿಕೊಳ್ಳಬಲ್ಲ ದಂಪತಿಗೆ ಹೊಸ ಪದ್ಧತಿಯೇ ಅನುಕೂಲ. ಬಿಲ್ಲು ಎಷ್ಟು ದೊಡ್ಡದು ಅನ್ನುವುದು ಈಗ ಲೆಕ್ಕಕ್ಕಿಲ್ಲ, ಎಷ್ಟು ಬಿಲ್ಲು ಇವೆ ಅನ್ನುವುದಷ್ಟೇ ಲೆಕ್ಕ.

ಈ ಹಂಚಿಕೆಯಲ್ಲೇ ನಿಜವಾದ ಕೆಲಸ ಇರುವುದು. ನಾವು ಮಾಡಿದ್ದು ಹೀಗೆ. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ), ಗ್ಯಾಸ್-ಕರೆಂಟ್, ನೀರು, ಬ್ರಾಡ್‌ಬ್ಯಾಂಡ್, ಇವೆಲ್ಲ ಜಾಯಿಂಟ್ ಅಕೌಂಟಿನಿಂದ ಹೋಗುತ್ತವೆ. ಅವರವರ ಮೊಬೈಲ್ ಬಿಲ್ಲು ಮತ್ತು ಅವರವರು ಮನಸ್ಸಿಟ್ಟು ಕೊಡುವ ಒಂದು ದೇಣಿಗೆ ಅವರವರ ಅಕೌಂಟಿನಿಂದ. ಹೀಗೆ ಸ್ವಂತ ಅಕೌಂಟುಗಳಿಗೆ ಎರಡೆರಡು ಡೈರೆಕ್ಟ್ ಡೆಬಿಟ್ ಆಯಿತು, ಜಾಯಿಂಟ್‌ನಲ್ಲಿ ಎರಡಕ್ಕಿಂತ ಜಾಸ್ತಿಯೇ ಇದೆ.

ಜಾಯಿಂಟ್‌ನಲ್ಲಿ ನಾಲ್ಕು ಬಿಲ್ಲು ಯಾಕೆ, ಎರಡು ಸಾಕಲ್ಲ ಅಂತ ಕೇಳಬಹುದು. ಕೌನ್ಸಿಲ್ ಟ್ಯಾಕ್ಸನ್ನು ಸಾಮಾನ್ಯವಾಗಿ ಹತ್ತು ಕಂತಿನಲ್ಲಿ ತೆಗೆದುಕೊಳ್ಳುತ್ತಾರೆ, ಏಪ್ರಿಲ್‌ನಿಂದ ಜನವರಿವರೆಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಏನೂ ಹೋಗುವುದಿಲ್ಲ. ಅದನ್ನೇ ನಂಬಿಕೊಂಡು ಎರಡೇ ಡೈರೆಕ್ಟ್ ಡೆಬಿಟ್ ಇಟ್ಟಿದ್ದರೆ ಆ ಎರಡು ತಿಂಗಳು 4 ಪೌಂಡ್ ಬರುವುದಿಲ್ಲ, ಶುಲ್ಕ ಮಾತ್ರ ಹೋಗುತ್ತಿರುತ್ತದೆ. ಕೌನ್ಸಿಲ್‌ಗೆ ಹೇಳಿ ಹನ್ನೆರಡು ಕಂತು ಮಾಡಿಸಿಕೊಳ್ಳಬಹುದು. ನಾವು ಮಾಡಿಸಿಕೊಂಡೆವು. ರಿವಾರ್ಡ್ ಇಲ್ಲದಿದ್ದರೂ ಅದು ಒಳ್ಳೆಯದೇ, ತಿಂಗಳ ಕಂತು ಹಗುರಾಗುತ್ತದೆ. ಕ್ರೆಡಿಟ್ ಕಾರ್ಡಿನ ಡೈರೆಕ್ಟ್ ಡೆಬಿಟ್ಟನ್ನೂ ನಂಬಬೇಡಿ. ಕಾರ್ಡ್ ಬಳಸದ ತಿಂಗಳು ದುಡ್ಡೇ ಹೋಗುವುದಿಲ್ಲವಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಬ್ಬರ ಹೆಸರಲ್ಲೇ ಇರುವ ಅಕೌಂಟ್ ಆ ವ್ಯಕ್ತಿ ತೀರಿಕೊಂಡ ಸುದ್ದಿ ಬ್ಯಾಂಕಿಗೆ ತಲುಪಿದ ಕೂಡಲೇ ಸ್ತಬ್ಧವಾಗುತ್ತದೆ. ಅದರಿಂದ ಹೋಗುತ್ತಿದ್ದ ಡೈರೆಕ್ಟ್ ಡೆಬಿಟ್ ಎಲ್ಲ ನಿಲ್ಲುತ್ತವೆ. ಜಾಯಿಂಟ್ ಅಕೌಂಟ್ ಆದರೆ ಉಳಿದವರ ಕೈಯಲ್ಲಿ ನಡೆಯುತ್ತಲೇ ಇರುತ್ತದೆ. ಹಾಗಾಗಿ ಮನೆಯ ಬೆಳಕು, ನೀರು, ತೆರಿಗೆ ಯಾವತ್ತೂ ಇಬ್ಬರ ಹೆಸರಿನ ಅಕೌಂಟಿನಲ್ಲೇ ಇರಲಿ. 4 ಪೌಂಡಿನ ಆಸೆಗೆ ಕರೆಂಟ್ ಬಿಲ್ಲನ್ನು ಒಬ್ಬರ ಸ್ವಂತ ಅಕೌಂಟಿಗೆ ಎಳೆದುಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು 1,250 ಪೌಂಡ್ ವಿಷಯ. ಅಷ್ಟು ದುಡ್ಡು ಅಲ್ಲೇ ಇರಬೇಕಿಲ್ಲ, ಬಂದು ಹೋದರೆ ಸಾಕು. ನಮ್ಮ ಸಂಬಳ ಬರುವುದು ಬೇರೆ ಬ್ಯಾಂಕಿನ ಅಕೌಂಟಿಗೆ. ಅಲ್ಲಿಂದ ಸ್ಟ್ಯಾಂಡಿಂಗ್ ಆರ್ಡರ್ (ತಿಂಗಳು ತಿಂಗಳು ಇಂಥ ತಾರೀಕಿಗೆ ಇಷ್ಟು ದುಡ್ಡು ಹೋಗಲಿ ಅಂತ ನಾವೇ ಬ್ಯಾಂಕಿಗೆ ಹೇಳಿಡುವುದು) ಮೂಲಕ ನನ್ನ ರಿವಾರ್ಡ್ ಅಕೌಂಟಿಗೆ 1,250 ಬರುತ್ತದೆ. ಬಿಲ್ಲಿಗೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದು ವಾಪಸ್ ಹೋಗುತ್ತದೆ. ಅವರದ್ದೂ ಹಾಗೇ, ಜಾಯಿಂಟ್‌ನದ್ದೂ ಹಾಗೇ. ಬೇರೆ ಬ್ಯಾಂಕಿನಿಂದಲೇ ತರಿಸುವುದು ಯಾಕೆ ಅಂದರೆ, ಒಂದೇ ಬ್ಯಾಂಕಿನೊಳಗೆ ನಿಮ್ಮದೇ ಅಕೌಂಟಿನಿಂದ ಅಕೌಂಟಿಗೆ ಹಾಕಿದ್ದನ್ನು ಎಲ್ಲ ಬ್ಯಾಂಕುಗಳೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಾರೀಕು ಹಾಕುವಾಗ ಮಾತ್ರ ಎಚ್ಚರ ಇರಲಿ. ಸ್ಟ್ಯಾಂಡಿಂಗ್ ಆರ್ಡರ್‌ಗಳು ಶನಿವಾರ, ಭಾನುವಾರ, ಬ್ಯಾಂಕ್ ರಜೆಯಲ್ಲಿ ಸಾಮಾನ್ಯವಾಗಿ ಹೋಗುವುದಿಲ್ಲ, ಮುಂದಿನ ಕೆಲಸದ ದಿನಕ್ಕೆ ಜರುಗುತ್ತವೆ. 3ನೇ ತಾರೀಕು ಬರುವುದು, 4ನೇ ತಾರೀಕು ಹೋಗುವುದು ಅಂತ ಇಟ್ಟುಕೊಂಡಿರಿ ಅನ್ನೋಣ. 3 ಶನಿವಾರ ಆದರೆ ಎರಡೂ ಸೋಮವಾರ ಬೆಳಗ್ಗೆ ಒಟ್ಟಿಗೆ ಹೊರಡುತ್ತವೆ. ಒಳಗೆ ಬರಬೇಕಾದ ದುಡ್ಡು ತಲುಪುವ ಮೊದಲೇ ಹೊರಗೆ ಹೋಗುವ ಆರ್ಡರ್ ಓಡಿದರೆ ಅದು ವಿಫಲ. ಈಸ್ಟರ್ ಸಮಯದಲ್ಲಂತೂ ಗುಡ್ ಫ್ರೈಡೇಯಿಂದ ಈಸ್ಟರ್ ಮಂಡೇವರೆಗೆ ಇಂಗ್ಲೆಂಡಿನಲ್ಲಿ ನಾಲ್ಕು ದಿನ ಸಾಲಾಗಿ ರಜೆ. ಅದಕ್ಕೇ ನಾವು ಬರುವುದಕ್ಕೂ ಹೋಗುವುದಕ್ಕೂ ನಡುವೆ ಒಂದು ವಾರ ಬಿಟ್ಟಿದ್ದೇವೆ. 3ಕ್ಕೆ ಬಂದದ್ದು 10ಕ್ಕೆ ಹೋಗುತ್ತದೆ. ಆ ಒಂದು ವಾರ ದುಡ್ಡಿಗೆ ಬಡ್ಡಿ ಸಿಗುವುದಿಲ್ಲ ನಿಜ, ಆದರೆ ನೆಮ್ಮದಿ ಇದೆ.

ಸ್ಟ್ಯಾಂಡಿಂಗ್ ಆರ್ಡರ್ ಹಾಕುವಾಗ ಜಾಯಿಂಟ್ ಅಕೌಂಟಿಗೆ ಇಬ್ಬರಲ್ಲಿ ಯಾರ ಹೆಸರು ಹಾಕಿದರೂ ನಡೆಯುತ್ತದೆ. 2020ರಿಂದ ದೊಡ್ಡ ಬ್ಯಾಂಕುಗಳೆಲ್ಲ ನಾವು ಹಾಕಿದ ಹೆಸರನ್ನು ದುಡ್ಡು ಹೋಗುವ ಅಕೌಂಟಿನ ಹೆಸರಿನೊಂದಿಗೆ ತಾಳೆ ನೋಡುತ್ತವೆ. ಪಾಸ್‌ಪೋರ್ಟಿನಲ್ಲಿ ಇರುವಂತೆ ಬ್ಯಾಂಕಿನಲ್ಲೂ ಹೆಸರು ಇದ್ದರೆ ತೊಂದರೆಯಿಲ್ಲ. ನಮ್ಮಿಬ್ಬರ ಕೊನೆಯ ಹೆಸರು ಬೇರೆ ಬೇರೆ. ಹಿಂದೆ ಒಂದು ಬ್ಯಾಂಕು ಇದೇ ಕಾರಣಕ್ಕೆ ಜಾಯಿಂಟ್ ಅಕೌಂಟಿನ ಅರ್ಜಿಯನ್ನು ಸುಮ್ನೆ ವಾರಗಟ್ಟಲೆ ಎಳೆಯಿತು. ಗಂಡ-ಹೆಂಡತಿ ಅಂತಲ್ಲ, ಒಂದೇ ಮನೆಯಲ್ಲಿ ಇರುವ ಗೆಳೆಯರೂ ಜಾಯಿಂಟ್ ತೆರೆಯಬಹುದು ಅಂತ ನಾವೇ ನೆನಪಿಸಬೇಕಾಯಿತು.

ಬೇರೆ ಅಕೌಂಟುಗಳ ಜೊತೆ ಹೋಲಿಸಿದರೆ? ಹ್ಯಾಲಿಫ್ಯಾಕ್ಸ್‌ನ ರಿವಾರ್ಡ್ ಅಕೌಂಟಿನಲ್ಲಿ ತಿಂಗಳಿಗೆ 1,500 ಪೌಂಡ್ ಹಾಕಿದರೆ 3 ಪೌಂಡಿನ ಶುಲ್ಕ ಮಾಫಿ. ಡೆಬಿಟ್ ಕಾರ್ಡಿನಲ್ಲಿ 500 ಪೌಂಡ್ ಖರ್ಚು ಮಾಡಿದರೆ, ಇಲ್ಲವೇ 5,000 ಪೌಂಡ್ ಇಟ್ಟುಕೊಂಡರೆ 5 ಪೌಂಡ್ ಸಿಗುತ್ತದೆ. ದಿನಸಿಯನ್ನೆಲ್ಲ ಒಂದೇ ಕಾರ್ಡಿನಲ್ಲಿ ತರುವ ಮನೆಗೆ ಜಾಯಿಂಟ್ ಆಗಿ ಅದು ಒಂದು ಇದ್ದರೆ ಚೆನ್ನಾಗಿದೆ. ಆದರೆ ಮೂರು ಮಾಡಿಕೊಳ್ಳಲು ಹೊರಟರೆ ತಿಂಗಳಿಗೆ 1,500 ಪೌಂಡ್ ಕಾರ್ಡಿನಲ್ಲೇ ಉಜ್ಜಬೇಕು. ಬಿಲ್ಲನ್ನು ಮೂರು ಪಾಲು ಮಾಡುವುದು ಸುಲಭ, ಖರ್ಚನ್ನು ಮೂರು ಪಾಲು ಮಾಡುವುದು ಕಷ್ಟ.

ಸ್ಯಾಂಟ್ಯಾಂಡರ್‌ನ 123 ಅಕೌಂಟಿನ ಕಥೆ ಇಲ್ಲಿ ಹಳಬರಿಗೆಲ್ಲ ಗೊತ್ತು. 2012ರಲ್ಲಿ ಬಂದಾಗ 2 ಪೌಂಡ್ ಶುಲ್ಕ, 20,000 ಪೌಂಡ್‌ವರೆಗೆ ಶೇಕಡಾ 3ರವರೆಗೆ ಬಡ್ಡಿ, ಮೇಲೆ ಬಿಲ್ಲುಗಳ ಮೇಲೆ ಕ್ಯಾಶ್‌ಬ್ಯಾಕ್. ದಂಪತಿಗಳು ತಲಾ ಒಂದು, ಜಾಯಿಂಟ್ ಒಂದು ತೆರೆದು 60,000 ಪೌಂಡ್ ಇಡುತ್ತಿದ್ದರು. 2016ರ ಜನವರಿಯಲ್ಲಿ ಶುಲ್ಕ 5 ಪೌಂಡ್ ಆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಬಡ್ಡಿ ಅರ್ಧಕ್ಕೆ, ಅಂದರೆ ಶೇಕಡಾ 1.5ಕ್ಕೆ ಇಳಿಯಿತು. ಮೂರು ಅಕೌಂಟ್ ಇದ್ದವರಿಗೆ ಶುಲ್ಕವೂ ಮೂರು ಪಟ್ಟು ಅನ್ನುವುದನ್ನು ಮರೆಯುವ ಹಾಗಿಲ್ಲ. ಬ್ಯಾಂಕಿನಿಂದ ಬರುವ ನಿಯಮ ಬದಲಾವಣೆಯ ಇಮೇಲ್ ಓದದೆ ಬಿಡುವವರು ಈ ಏರ್ಪಾಡಿಗೆ ಕೈ ಹಾಕದಿರುವುದೇ ಮೇಲು.

ಜಾಯಿಂಟ್ ಅಕೌಂಟ್ ತೆರೆಯುವ ಮೊದಲು ಒಬ್ಬರ ಮುಖ ಒಬ್ಬರು ನೋಡಿ ಮಾತಾಡಬೇಕಾದ ವಿಷಯ ಎರಡಿವೆ. ಒಂದು, ತೆರೆದ ಕ್ಷಣದಿಂದ ಇಬ್ಬರ ಕ್ರೆಡಿಟ್ ದಾಖಲೆಗೂ ಗಂಟು ಬೀಳುತ್ತದೆ. ಒಬ್ಬರ ಹಳೆಯ ಸಾಲದ ತೊಂದರೆ ಇನ್ನೊಬ್ಬರ ಮನೆ ಸಾಲದ ಅರ್ಜಿಗೂ ಅಡ್ಡ ಬರಬಹುದು. ಎರಡು, ಓವರ್‌ಡ್ರಾಫ್ಟ್ (ಅಕೌಂಟಿನಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕು ಕೊಡುವ ಸಾಲ) ಇದ್ದರೆ ಅದರ ಪೂರ್ತಿ ಹೊಣೆ ಇಬ್ಬರ ಮೇಲೂ ಇರುತ್ತದೆ, ಅರ್ಧ ಅರ್ಧ ಅಲ್ಲ. ತೆಗೆದವರು ಯಾರು ಅಂತ ಬ್ಯಾಂಕು ಕೇಳುವುದಿಲ್ಲ. ನಾವು ಜಾಯಿಂಟ್‌ಗೆ ಓವರ್‌ಡ್ರಾಫ್ಟೇ ಇಟ್ಟಿಲ್ಲ.

ಸ್ವಂತ ಅಕೌಂಟನ್ನು ಮುಚ್ಚಿ ಎಲ್ಲ ಜಾಯಿಂಟ್ ಮಾಡಿಕೊಳ್ಳಿ ಅಂತ ಹಿರಿಯರು ಹೇಳುವುದುಂಟು. ನಾನು ಬೇಡ ಅನ್ನುತ್ತೇನೆ. ಮೂರು ಪೌಂಡಿಗಾಗಿ ಅಲ್ಲ. ಹೆಂಡತಿಗೆ ಆಗಲಿ ಗಂಡನಿಗೆ ಆಗಲಿ, ಯಾರನ್ನೂ ಕೇಳದೆ ಕೈ ಹಾಕಬಹುದಾದ ದುಡ್ಡು ಸ್ವಲ್ಪ ಇರಲೇಬೇಕು.

ಈ ಅಕೌಂಟಿನ ಒಂದು ಕಿರಿಕಿರಿ: ರಿವಾರ್ಡ್ ತಾನಾಗಿ ಬ್ಯಾಲೆನ್ಸಿಗೆ ಸೇರುವುದಿಲ್ಲ. ಬೇರೆಯಾಗಿ ಕೂಡುತ್ತಾ ಹೋಗುತ್ತದೆ, ನಾವೇ ಹೋಗಿ ಕ್ಯಾಶ್ ಮಾಡಿಕೊಳ್ಳಬೇಕು ಅಥವಾ ಅಂಗಡಿಗಳ ವೋಚರ್ ತೆಗೆದುಕೊಳ್ಳಬೇಕು. ನಾವು ಸಂಬಳ ಬಂದ ದಿನ ಇಬ್ಬರೂ ಆ್ಯಪ್ ತೆರೆಯುತ್ತೇವೆ. ಲಾಗಿನ್‌ನ ಒಂದು ಪೌಂಡೂ ಆಯಿತು, ಯಾವ ಬಿಲ್ಲು ಏರಿದೆ ಅಂತ ಇಬ್ಬರ ಕಣ್ಣಿಗೂ ಬಿತ್ತು.

ಹೊಸದಾಗಿ ಶುರು ಮಾಡುವವರು ಮೂರನ್ನೂ ಒಟ್ಟಿಗೆ ತೆರೆಯಬೇಡಿ. ಮೊದಲು ಜಾಯಿಂಟ್ ಒಂದನ್ನೇ ತೆರೆದು ಬಿಲ್ಲುಗಳನ್ನು ಅಲ್ಲಿಗೆ ತನ್ನಿ. ಎರಡು ಮೂರು ತಿಂಗಳು ಎಲ್ಲ ಸರಿಯಾಗಿ ಹೋಯಿತು ಅನ್ನಿಸಿದ ಮೇಲೆ ಸ್ವಂತದ್ದು ತೆರೆಯಿರಿ. ಆ ದಿನಕ್ಕೆ ಶುಲ್ಕ, ರಿವಾರ್ಡ್, ಎಷ್ಟು ಅಕೌಂಟ್ ಇಡಬಹುದು ಅನ್ನುವ ಮೂರನ್ನೂ ಬ್ಯಾಂಕಿನ ಪುಟದಲ್ಲೇ ಇನ್ನೊಮ್ಮೆ ನೋಡಿಕೊಳ್ಳಿ.